ಕೊಳೆತ ಹಡಗಿಗೆ ಮಗನನ್ನ ಕಳಿಸಿದ ತಾಯಿ: ನಟಿ ಎಸ್ತರ್ ಡೆ ಬೂರ್ ಮತ್ತು ಒಂದು ಕಾನೂನಿನ ಹಿಂದಿನ ಕಥೆ

ನೆದರ್ಲೆಂಡ್ಸ್‌ನಲ್ಲಿ 1909ರಲ್ಲಿ ಹಡಗುಗಳ ಸುರಕ್ಷತೆಗೆ ಅಂತ ಒಂದು ಕಾನೂನು ಬಂತು. ಸಮುದ್ರಕ್ಕೆ ಹೋಗೋ ಹಡಗು ಗಟ್ಟಿಯಾಗಿದ್ಯಾ ಅಂತ ಸರ್ಕಾರದ ಇನ್‌ಸ್ಪೆಕ್ಟರ್‌ಗಳು ನೋಡ್ಬೇಕು, ದುರಂತ ಆದ್ರೆ ವಿಚಾರಣೆ ಆಗ್ಬೇಕು. ಈ ಕಾನೂನಿನ ಮಾತು ಬಂದಾಗೆಲ್ಲ ಅಲ್ಲಿಯವರು ಕೊಳೆತ ಹಡಗಿಗೆ ಮಗನನ್ನ ಕಳಿಸೋ ತಾಯಿಯ ಕಥೆ ಇರೋ ಒಂದು ನಾಟಕ ನೆನೆಸ್ಕೋತಾರೆ, ಅದನ್ನ ಬರೆದ ಹೆರ್ಮನ್ ಹೈಯರ್ಮನ್ಸ್ ಹೆಸರು ಹೇಳ್ತಾರೆ. ಆದ್ರೆ ಆ ನಾಟಕದ ತಾಯಿ ಪಾತ್ರವನ್ನ ಸುಮಾರು 1200 ಸಲ ಮಾಡಿದ ಎಸ್ತರ್ ಡೆ ಬೂರ್-ಫಾನ್ ರೈಕ್ ಅವರಿಗೂ ಆ ಗೌರವದಲ್ಲಿ ದೊಡ್ಡ ಪಾಲು ಸಲ್ಲಬೇಕು ಅನ್ನೋದು ನನ್ನ ಅಭಿಪ್ರಾಯ.

ಮೊದಲು ಆ ಕಾಲದ ಮೀನುಗಾರರ ಪಾಡು ಏನಿತ್ತು ಅಂತ ನೋಡೋಣ. 1883ರ ಮಾರ್ಚ್‌ನಲ್ಲಿ ಉತ್ತರದ ಮೊಡ್ಡರ್‌ಗಾಟ್ ಅನ್ನೋ ಪುಟ್ಟ ಊರಿಂದ ಹೋದ 22 ದೋಣಿಗಳಲ್ಲಿ 17 ಬಿರುಗಾಳಿಗೆ ಸಿಕ್ಕಿ ಹೋದವು, 83 ಜನ ಸತ್ತರು, ಅಂದ್ರೆ ಗಂಡಸರು ಉಳಿದ ಮನೆಗಳೇ ಕಮ್ಮಿ. ಹೇಗ್ ನಗರದ ಪಕ್ಕದ ಸ್ಖೇವನಿಂಗನ್‌ನಲ್ಲಿ 1904ರ ತನಕ ಬಂದರೇ ಇರ್ಲಿಲ್ಲ, ಚಪ್ಪಟೆ ತಳದ ದೋಣಿಗಳನ್ನ ಮರಳಿನ ಮೇಲೇ ಎಳೆದು ನಿಲ್ಲಿಸ್ತಿದ್ರು, 1894ರ ಡಿಸೆಂಬರ್ ಬಿರುಗಾಳಿ ಬಂದಾಗ ದಡದಲ್ಲಿ ನಿಂತಿದ್ದ ದೋಣಿಗಳೇ ಚೂರಾಗಿ ಹೋದವು. ಗಾಳಿ ಮಳೆ ಯಾರ ಕೈಲೂ ಇಲ್ಲ, ಸರಿ. ಆದ್ರೆ ಹಲಗೆ ಕೊಳೆತ ಹಡಗನ್ನ ಮತ್ತೆ ಸಮುದ್ರಕ್ಕೆ ಬಿಡೋದು ಮಾಲೀಕರ ಕೈಲೇ ಇತ್ತು. ಹಡಗಿಗೆ ಇನ್ಶೂರೆನ್ಸ್ ಇದ್ರೆ ಮುಳುಗಿದ್ರೂ ಮಾಲೀಕನಿಗೆ ದುಡ್ಡು ಬರುತ್ತೆ, ಒಳಗಿದ್ದವರ ಹೆಂಡತಿ ಮಕ್ಕಳು ಊರವರ ದಾನಧರ್ಮದ ಮೇಲೆ ಬದುಕ್ಬೇಕು. ಇಂಗ್ಲೆಂಡ್‌ನಲ್ಲಿ ಸ್ಯಾಮ್ಯುಯೆಲ್ ಪ್ಲಿಮ್ಸಾಲ್ ಅನ್ನೋ ಸಂಸದರು ಇಂಥ ಹಡಗುಗಳ ವಿರುದ್ಧ ಹೋರಾಡಿ 1876ರಲ್ಲೇ ಕಾನೂನು ತರಿಸಿದ್ರು. ಅಲ್ಲಿಂದ ಸ್ವಲ್ಪವೇ ಸಮುದ್ರ ದಾಟಿದ್ರೆ ಸಿಗೋ ನೆದರ್ಲೆಂಡ್ಸ್‌ಗೆ ಇನ್ನೂ 33 ವರ್ಷ ಬೇಕಾಯ್ತು.

ಎಸ್ತರ್ ಹುಟ್ಟಿದ್ದು 1853ರಲ್ಲಿ, ರಾಟರ್‌ಡ್ಯಾಮ್‌ನ ಯಹೂದಿ ಕುಟುಂಬದಲ್ಲಿ. ಹೈಯರ್ಮನ್ಸ್ ಕೂಡ ಅದೇ ಊರಿನ ಯಹೂದಿ, ವಯಸ್ಸಲ್ಲಿ ಇವರಿಗಿಂತ 11 ವರ್ಷ ಚಿಕ್ಕವರು. ಅವರು ಕಾಟ್‌ವೈಕ್ ಅನ್ನೋ ಮೀನುಗಾರರ ಊರಲ್ಲಿ ಇದ್ದು ಅಲ್ಲಿಯ ಬದುಕನ್ನ ಹತ್ತಿರದಿಂದ ನೋಡಿದ್ರು. ನಾಟಕದ ಹೆಸರು 'ಓಪ್ ಹೋಪ್ ಫಾನ್ ಸೇಖನ್', ಅಂದ್ರೆ ದೇವರ ಆಶೀರ್ವಾದ ಸಿಗುತ್ತೆ ಅನ್ನೋ ಭರವಸೆಯಲ್ಲಿ, ಅದು ಕಥೆಯಲ್ಲಿ ಬರೋ ಹಡಗಿನ ಹೆಸರೂ ಹೌದು. 1900ರ ಡಿಸೆಂಬರ್ 24ರಂದು ಆಮ್‌ಸ್ಟರ್‌ಡ್ಯಾಮ್‌ನ ಹೊಲಾಂಡ್ಸೆ ಸ್ಖೌಬುರ್ಖ್ ಅನ್ನೋ ಥಿಯೇಟರ್‌ನಲ್ಲಿ ಮೊದಲ ಪ್ರದರ್ಶನ ಆದಾಗ ಕ್ನೀರ್ಟ್ಯೆ ಅನ್ನೋ ವಿಧವೆಯಾಗಿ ರಂಗಕ್ಕೆ ಬಂದ ಎಸ್ತರ್‌ಗೆ 47 ವರ್ಷ.

ಈ ಪಾತ್ರದ ಬಗ್ಗೆ ಸ್ವಲ್ಪ ವಿವರವಾಗೇ ಹೇಳ್ಬೇಕು. ಕ್ನೀರ್ಟ್ಯೆ ಗಂಡನನ್ನೂ ಇಬ್ಬರು ಗಂಡುಮಕ್ಕಳನ್ನೂ ಸಮುದ್ರಕ್ಕೆ ಕಳ್ಕೊಂಡವಳು, ಹಡಗಿನ ಮಾಲೀಕ, ಬಾಸ್ ಅನ್ನೋ ಹೆಸರಿನವನ ಮನೆಯಲ್ಲಿ ಕ್ಲೀನಿಂಗ್ ಕೆಲಸ ಮಾಡಿ ಬದುಕ್ತಿದ್ದಾಳೆ. ಉಳಿದಿರೋ ಇಬ್ಬರಲ್ಲಿ ಚಿಕ್ಕವನು ಬಾರೆಂಡ್‌ಗೆ ಸಮುದ್ರ ಅಂದ್ರೆ ಜೀವಭಯ, ಅದ್ರ ಮೇಲೆ ಹಡಗು ಕೊಳೆತಿದೆ ಅಂತ ಬಡಗಿ ಹೇಳಿದ್ದು ಅವನ ಕಿವಿಗೆ ಬಿದ್ದಿದೆ. ಹೋಗಲ್ಲ ಅಂತಾನೆ. ತಾಯಿ ಅವನ ಪರ ನಿಲ್ಲಲ್ಲ. ಒಪ್ಕೊಂಡು ಆಮೇಲೆ ಹಿಂದೆ ಸರಿದ್ರೆ ಊರಲ್ಲಿ ಮುಖ ಎತ್ಕೊಂಡು ಓಡಾಡೋದು ಹೇಗೆ ಅನ್ನೋ ಚಿಂತೆ ಅವಳಿಗೆ, ಅಪ್ಪನ ಕಿವಿಯೋಲೆಗಳನ್ನ ಮಗನಿಗೆ ಹಾಕಿ ಹೊರಡಿಸೋಕೆ ನೋಡ್ತಾಳೆ. ಕೊನೆಗೆ ಒಪ್ಕೊಂಡ ಕೆಲಸಕ್ಕೆ ಹೋಗಲಿಲ್ಲ ಅಂತ ಪೊಲೀಸರು ಬಂದು ಬಾಗಿಲನ್ನ ಅವುಚಿ ಹಿಡ್ಕೊಂಡ ಹುಡುಗನ ಕೈ ಬಿಡಿಸಿ ಎಳ್ಕೊಂಡು ಹೋಗ್ತಾರೆ. ಮುಂದೆ ಹಡಗು ಮುಳುಗಿ ಅವನ ಹೆಣ ದಡಕ್ಕೆ ಬಂದಾಗ ಗುರುತು ಸಿಗೋದು ಅದೇ ಓಲೆಗಳಿಂದ. ಕ್ನೀರ್ಟ್ಯೆ ಮಾಲೀಕನ ಆಫೀಸಿಗೆ ಹೋದಾಗ ಅವನ ಹೆಂಡತಿ ಕನಿಕರದಿಂದ ಒಂದು ಪಾತ್ರೆಯಲ್ಲಿ ಊಟ ಕೊಡ್ತಾಳೆ, ಈ ತಾಯಿ ಅದನ್ನ ಹಿಡ್ಕೊಂಡು ಹೊರಗೆ ಹೋಗ್ತಾಳೆ.

ಕಿರುಚಾಟ ಇಲ್ಲ, ಶಾಪ ಇಲ್ಲ. ನನ್ನ ಪ್ರಕಾರ ನಾಟಕದ ಶಕ್ತಿ ಇರೋದೇ ಇಲ್ಲಿ: ಮಾಲೀಕನ ಕ್ರೌರ್ಯಕ್ಕಿಂತ, ಬಡತನ ಆ ತಾಯಿಯನ್ನೇ ಮಾಲೀಕನ ಕೆಲಸ ಮಾಡೋ ಹಾಗೆ ಮಾಡುತ್ತಲ್ಲ, ಅದು ಹೆಚ್ಚು ಚುಚ್ಚುತ್ತೆ. ಅವಳನ್ನ ಬರೀ ಪಾಪದ ಹೆಂಗಸಾಗಿ ತೋರಿಸಿಬಿಟ್ರೆ ಎರಡು ಹನಿ ಕಣ್ಣೀರಲ್ಲಿ ಮುಗಿದು ಹೋಗುತ್ತೆ, ಮಗನನ್ನ ದಬ್ಬಿದ ಕೈ ಅವಳದ್ದೂ ಅಂತ ಜನ ಒಪ್ಕೋಬೇಕು, ಒಪ್ಕೊಂಡೂ ಅವಳನ್ನ ಬಿಟ್ಕೊಡಬಾರದು. ಇಂಥ ಪಾತ್ರವನ್ನ ಎಸ್ತರ್ ಮೂರು ದಶಕಕ್ಕೂ ಹೆಚ್ಚು ಕಾಲ ನಿಭಾಯಿಸಿದ್ರು, ಕ್ನೀರ್ಟ್ಯೆ ಅಂದ್ರೆ ಎಸ್ತರ್ ಅನ್ನೋ ಮಟ್ಟಿಗೆ ಜನರ ಮನಸ್ಸಲ್ಲಿ ಕೂತರು.

ನಾಟಕ ಹೊರದೇಶಕ್ಕೂ ಹೋಯ್ತು. ಪ್ಯಾರಿಸ್‌ನಲ್ಲಿ ನಿರ್ದೇಶಕ ಆಂಟ್ವಾನ್ ಆಡಿಸಿದ್ರು, ಇಂಗ್ಲೆಂಡ್‌ನಲ್ಲಿ ಹೆಸರಾಂತ ನಟಿ ಎಲೆನ್ ಟೆರಿ ಈ ತಾಯಿಯಾದ್ರು, ರಷ್ಯಾದ ಮಾಸ್ಕೋ ಆರ್ಟ್ ಥಿಯೇಟರ್‌ನ ಪ್ರಯೋಗ ತಂಡ ಫಸ್ಟ್ ಸ್ಟುಡಿಯೋ 1913ರಲ್ಲಿ ಶುರುವಾಗಿದ್ದೇ ಇದರಿಂದ.

ಹಾಗಂತ ಕಾನೂನು ಬಂದಿದ್ದೇ ನಾಟಕದಿಂದ ಅಂತ ಹೇಳೋದು ಸರಿಯಲ್ಲ. ಮೊದಲ ಪ್ರದರ್ಶನಕ್ಕೂ ಕಾನೂನಿಗೂ ಮಧ್ಯೆ ಎಂಟು ವರ್ಷಕ್ಕಿಂತ ಹೆಚ್ಚಿನ ಅಂತರ ಇದೆ, ಸಾಲು ಸಾಲು ದುರಂತಗಳು, ಕಾರ್ಮಿಕರ ಚಳವಳಿ, ಪಕ್ಕದ ದೇಶದ ಉದಾಹರಣೆ ಎಲ್ಲ ಸೇರಿ ಒತ್ತಡ ಹಾಕಿದ್ವು. ಆದ್ರೆ ಸಮುದ್ರದ ಮುಖ ನೋಡದ ಪಟ್ಟಣದ ಜನಕ್ಕೆ ಮುಳುಗಿದ ಹಡಗು ಪೇಪರ್‌ನ ಒಂದು ಸುದ್ದಿ ಮಾತ್ರ ಆಗಿತ್ತು, ಆ ಸುದ್ದಿಯ ಹಿಂದಿನ ಮನೆಯೊಳಕ್ಕೆ ಅವರನ್ನ ಕರ್ಕೊಂಡು ಹೋಗಿದ್ದು ಈ ನಾಟಕ, ಅದರಲ್ಲೂ ಈ ನಟಿ.

ಎಸ್ತರ್ 1937ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ತೀರ್ಕೊಂಡ್ರು. ನಾಜಿಗಳು ಬಂದಿದ್ದು ಮೂರು ವರ್ಷದ ನಂತರ, ಅವರು 1941ರಲ್ಲಿ ಈ ನಾಟಕ ಮೊದಲು ಆಡಿದ ಅದೇ ಥಿಯೇಟರ್‌ನ ಹೆಸರು ಬದಲಾಯಿಸಿ ಅದನ್ನ ಯಹೂದಿಗಳಿಗೆ ಮಾತ್ರ ಅಂತ ಮಾಡಿದ್ರು, 1942ರ ಬೇಸಿಗೆಯಿಂದ ಅಲ್ಲಿ ಹತ್ತಾರು ಸಾವಿರ ಯಹೂದಿಗಳನ್ನ ಕೂಡಿಹಾಕಿ ಸಾವಿನ ಕ್ಯಾಂಪ್‌ಗಳ ದಾರಿಗೆ ಕಳಿಸಿದ್ರು. ಈಗ ಆ ಕಟ್ಟಡ ಸ್ಮಾರಕ.

ಎಸ್ತರ್ ಈ ಪಾತ್ರವನ್ನ ಸಿನಿಮಾದಲ್ಲೂ ಮಾಡಿದ್ದಾರೆ, 1918ರಲ್ಲಿ ಮೂಕಿಚಿತ್ರವಾಗಿ ಮತ್ತೆ 1934ರಲ್ಲಿ ಟಾಕಿಯಾಗಿ, ಆಗ ಅವರಿಗೆ 80 ದಾಟಿತ್ತು. 1986ರ ಸಿನಿಮಾದಲ್ಲಿ ಕಿಟಿ ಕುರ್ಬುವಾ ಅದೇ ತಾಯಿಯಾದ್ರು. ಇವುಗಳಲ್ಲಿ ಒಂದನ್ನ ನೋಡೋದಾದ್ರೆ ನಾನು 1934ರದ್ದನ್ನೇ ನೋಡಿ ಅಂತೀನಿ, ಮೊದಲ ರಾತ್ರಿ ಕ್ನೀರ್ಟ್ಯೆ ಆದವರೇ ಅದರಲ್ಲಿ ಮಾತಾಡ್ತಾರೆ.