ಬೆಳಕಿನ ನೌಕೆಯೋ, ಕತ್ತಲ ನೌಕೆಯೋ: ವೈಜ್ಞಾನಿಕ ಧಾರಾವಾಹಿಗಳ ರುಚಿಭೇದದ ಹಿನ್ನೆಲೆ

ಬೆಳಗಾವಿ, ಬಾಗಲಕೋಟೆಯ ಎಂಜಿನಿಯರಿಂಗ್ ಕಾಲೇಜುಗಳ ಹಾಸ್ಟೆಲುಗಳಲ್ಲಿ ವೈಜ್ಞಾನಿಕ ಧಾರಾವಾಹಿಗಳನ್ನು ನೋಡುವವರ ನಡುವೆ ಒಂದು ವಾದ ಮುಗಿಯುವಂತೆ ಕಾಣುವುದಿಲ್ಲ. ಅಂತರಿಕ್ಷ ನೌಕೆಯೊಳಗೆ ಬೆಳಕೂ ಬಣ್ಣವೂ ಇದ್ದು ಕಥೆ ಭರವಸೆ ಕೊಡಬೇಕೆಂದು ಕೆಲವರು ಹೇಳಿದರೆ, ಮಂದ ಬೆಳಕು ಮತ್ತು ನೊಂದ ಮನಸ್ಸುಗಳಿದ್ದರೆ ಮಾತ್ರ ಕಥೆಗೆ ತೂಕ ಬರುತ್ತದೆಂದು ಉಳಿದವರು ಹೇಳುತ್ತಾರೆ. ಕಥೆಯ ಧಾಟಿ ಮತ್ತು ದೃಶ್ಯದ ಶೈಲಿ ಎಂಬ ಎರಡು ಬೇರೆ ಸಂಗತಿಗಳು ಕಾಲಕ್ರಮದಲ್ಲಿ ಒಂದಕ್ಕೊಂದು ಅಂಟಿಕೊಂಡದ್ದೇ ಈ ಗೋಜಲಿಗೆ ಕಾರಣ.

1966ರಲ್ಲಿ ಅಮೆರಿಕದ ಅಂತರಿಕ್ಷ ಧಾರಾವಾಹಿ ‘ಸ್ಟಾರ್ ಟ್ರೆಕ್’ ಆರಂಭವಾದಾಗ ಅದನ್ನು ಪ್ರಸಾರ ಮಾಡಿದ ಎನ್‌ಬಿಸಿ ವಾಹಿನಿ, ಬಣ್ಣದ ಟಿವಿ ಮಾರುತ್ತಿದ್ದ ಆರ್‌ಸಿಎ ಕಂಪನಿಗೆ ಸೇರಿತ್ತು. ನೌಕೆಯ ಸಿಬ್ಬಂದಿಯ ಸಮವಸ್ತ್ರಗಳ ಗಾಢ ಬಣ್ಣಗಳು ಆ ಕಾಲಕ್ಕೆ ಒಪ್ಪುವಂತಿದ್ದವು. ನಮ್ಮ ದೂರದರ್ಶನಕ್ಕೆ ಬಣ್ಣ ಬಂದದ್ದು 1982ರಲ್ಲಿ. ಅಂದಿನ ಸಣ್ಣ ಪರದೆಗಳಲ್ಲಿ ಕತ್ತಲೆಯ ವಿವರಗಳು ಕಾಣುತ್ತಿರಲಿಲ್ಲವಾದ್ದರಿಂದ ಸಮನಾದ ಬೆಳಕು ಬೇಕೇ ಬೇಕಾಗಿತ್ತು.

ತಿರುವು ಸ್ಪಷ್ಟವಾಗಿ ಕಾಣುವುದು ‘ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ’ ಧಾರಾವಾಹಿಯಲ್ಲಿ. ಮನುಕುಲ ಬಹುಪಾಲು ನಾಶವಾಗಿ, ಉಳಿದವರು ನೌಕೆಗಳಲ್ಲಿ ಓಡಿಹೋಗುವ ಅದೇ ಕಥೆಯನ್ನು 1978ರಲ್ಲಿ ಮಿನುಗುವ ಸಾಹಸಗಾಥೆಯಾಗಿ ತೋರಿಸಲಾಗಿತ್ತು. 2003ರಲ್ಲಿ ರೊನಾಲ್ಡ್ ಡಿ. ಮೂರ್ ಅದನ್ನು ಮತ್ತೆ ಕಟ್ಟಿದಾಗ ಕ್ಯಾಮೆರಾ ಸ್ಟ್ಯಾಂಡಿನಿಂದ ಇಳಿದು ಕೈಗೆ ಬಂತು. ಗ್ರಾಫಿಕ್ಸ್‌ನಲ್ಲಿ ರೂಪಿಸಿದ ಯುದ್ಧದೃಶ್ಯಗಳಲ್ಲೂ, ಯಾರೋ ವರದಿಗಾರ ಅಲ್ಲೇ ನಿಂತು ಚಿತ್ರೀಕರಿಸುತ್ತಿರುವಂತೆ ಚೌಕಟ್ಟು ಅಲುಗಿತು, ಜೂಮ್ ತಡವರಿಸಿತು. 2001ರ ಸೆಪ್ಟೆಂಬರ್ ದಾಳಿಯ ನಂತರದ ಆ ವರ್ಷಗಳಲ್ಲಿ ಕೈದಿಗಳ ಹಿಂಸೆ, ಆತ್ಮಾಹುತಿ ದಾಳಿ, ಸೇನೆ ಮತ್ತು ನಾಗರಿಕ ಸರ್ಕಾರದ ತಿಕ್ಕಾಟಗಳನ್ನು ಹೇಳಲು ಆ ಶೈಲಿ ಹೊರಗಿನಿಂದ ಹೇರಿದ ಅಲಂಕಾರವಾಗಿರಲಿಲ್ಲ. ಕಥೆಯೇ ಅದನ್ನು ಬೇಡಿತ್ತು. ಆ ಅಗತ್ಯವಿಲ್ಲದ ಕಥೆಗಳೂ ಮುಂದೆ ಅದೇ ಕತ್ತಲೆಯನ್ನು ಗಾಂಭೀರ್ಯದ ಗುರುತೆಂದು ಹೊದ್ದುಕೊಂಡದ್ದು ಬೇಸರದ ಸಂಗತಿ. ಬನಶಂಕರಿ ಜಾತ್ರೆಯ ಕಂಪನಿ ನಾಟಕಗಳಲ್ಲಿ ಬಣ್ಣ ಬಳಿದ ಪರದೆಯ ಮುಂದೆಯೇ ಕಣ್ಣೀರು ಹಾಕಿದ ನಮ್ಮ ಭಾಗದ ಪ್ರೇಕ್ಷಕರಿಗೆ, ಹೊಳಪಿದ್ದರೆ ಆಳವಿಲ್ಲ ಎಂಬ ಮಾತನ್ನು ಒಪ್ಪುವುದು ಕಷ್ಟ.

2017ರ ಸೆಪ್ಟೆಂಬರಿನಲ್ಲಿ ಎರಡು ರುಚಿಗಳೂ ಎದುರುಬದುರಾದವು: ಹಳೆಯ ‘ಸ್ಟಾರ್ ಟ್ರೆಕ್’ನ ಬೆಳಕನ್ನು ‘ದಿ ಆರ್ವಿಲ್’ ಎಂಬ ಬೇರೊಂದು ಧಾರಾವಾಹಿ ಉಳಿಸಿಕೊಂಡರೆ, ಅದೇ ತಿಂಗಳು ಆರಂಭವಾದ ‘ಸ್ಟಾರ್ ಟ್ರೆಕ್: ಡಿಸ್ಕವರಿ’ ಮಬ್ಬು ನೌಕೆಯನ್ನೂ ಕಂತಿನಿಂದ ಕಂತಿಗೆ ಸಾಗುವ ಯುದ್ಧಕಥೆಯನ್ನೂ ಆರಿಸಿಕೊಂಡಿತು. ‘ಸ್ಟಾರ್ ಟ್ರೆಕ್’ ಸರಣಿಯದೇ ಆದ 2022ರ ‘ಸ್ಟ್ರೇಂಜ್ ನ್ಯೂ ವರ್ಲ್ಡ್ಸ್’ ಗಾಢ ಬಣ್ಣಗಳಿಗೂ ಒಂದೇ ಕಂತಿನಲ್ಲಿ ಮುಗಿಯುವ ಕಥೆಗಳಿಗೂ ಮರಳಿತು. ಆದರೂ ಸಾವು, ಭಯ, ಯುದ್ಧದ ನೆನಪುಗಳನ್ನು ಅದು ಬಿಟ್ಟುಕೊಡಲಿಲ್ಲ.