ಪದಕ ಕೇಳುವ ಮೊದಲು ಜಾಗ ಹೇಳಿ, ತಾರೀಕು ಹೇಳಿ

ಮಾಜಿ ಸೈನಿಕರ ಮಕ್ಕಳು ಬರೆದುಕೊಂಡು ಬರುವ ಅರ್ಜಿಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಮೊದಲ ಪುಟದಲ್ಲಿ ದೇಶಸೇವೆಯ ಮಾತು. ಎರಡನೇ ಪುಟದಲ್ಲಿ ಗುಂಡಿನ ಮಳೆಯ ನಡುವೆ ಅಪ್ಪ ಏನೇನು ಮಾಡಿದರು ಎಂಬ ವಿವರ. ಆಮೇಲೆ, ಇಷ್ಟು ವರ್ಷ ಯಾರೂ ಕೇಳಲಿಲ್ಲ ಎಂಬ ನೋವು. ಕೊನೆಗೆ ಒಂದು ಸಾಲು: "ಆದ್ದರಿಂದ ನಮ್ಮ ತಂದೆಯವರಿಗೆ ಸಲ್ಲಬೇಕಾದ ಪದಕ ಕೊಡಿಸಬೇಕಾಗಿ ಪ್ರಾರ್ಥನೆ." ಯಾವ ಪದಕ ಅಂತ ಬರೆದಿರುವುದಿಲ್ಲ. ಯಾವ ಯೂನಿಟ್, ಆ ತಿಂಗಳು ಎಲ್ಲಿದ್ದರು, ಅದೂ ಇಲ್ಲ. ಕೆಲವರು ಆರ್ಮಿ ನಂಬರನ್ನೇ ಬಿಟ್ಟಿರುತ್ತಾರೆ.

ನಾನು ಸೇನೆಯಲ್ಲಿ ಕ್ಲರ್ಕ್ ಟ್ರೇಡ್‌ನಲ್ಲಿದ್ದು ಸುಬೇದಾರ್ ಆಗಿ ನಿವೃತ್ತನಾದವನು. ಈಗ ಪಿಂಚಣಿ, ಹೆಸರು ತಿದ್ದುಪಡಿ, ಪದಕ ಅಂತ ಹುಡುಕಿಕೊಂಡು ಬರುವವರಿಗೆ ಕಾಗದಪತ್ರ ಮಾಡಿಕೊಡುತ್ತೇನೆ. ಈ ಅರ್ಜಿಗಳನ್ನು ಓದುವಾಗ ಬೇಜಾರಾಗುತ್ತದೆ. ಬರೆದವರ ಮೇಲೆ ಸಿಟ್ಟಲ್ಲ. ಅಷ್ಟು ಪ್ರೀತಿಯಿಂದ, ರಾತ್ರಿಯೆಲ್ಲ ಕೂತು ಬರೆದ ಕಾಗದ "ಪೂರ್ಣ ವಿವರ ಒದಗಿಸಿ" ಅನ್ನುವ ಒಂದು ಸಾಲಿನ ಉತ್ತರದೊಂದಿಗೆ ವಾಪಸ್ ಬರುತ್ತದಲ್ಲ, ಅದಕ್ಕೆ.

ಹಾಗಾಗಿ ಒಂದೇ ವಿಷಯವನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. ಡಿಸ್ಚಾರ್ಜ್ ಬುಕ್‌ನಲ್ಲಿ, ಅಂದರೆ ಸೇನೆ ಬಿಡುವಾಗ ಕೊಡುವ ಸೇವಾ ವಿವರದ ಪುಸ್ತಕದಲ್ಲಿ, ಬಿಟ್ಟುಹೋಗಿರುವ ಪದಕಗಳಲ್ಲಿ ಹೆಚ್ಚಿನವು ಶೌರ್ಯಕ್ಕೆ ಕೊಡುವ ಪದಕಗಳೇ ಅಲ್ಲ. ಅವು ಸೇವೆಯ ಪದಕಗಳು. ಒಬ್ಬ ಸೈನಿಕ ಯಾವ ಜಾಗದಲ್ಲಿ, ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ ಕರ್ತವ್ಯದಲ್ಲಿದ್ದ ಅನ್ನುವುದಷ್ಟೇ ಅವಕ್ಕೆ ಮುಖ್ಯ. ಅಲ್ಲಿ ಅವನು ಅಡುಗೆ ಮಾಡುತ್ತಿದ್ದನೋ, ವೈರ್‌ಲೆಸ್ ಹಿಡಿದಿದ್ದನೋ, ಮೆಷಿನ್ ಗನ್ ಹಿಂದೆ ಮಲಗಿದ್ದನೋ, ಯಾರೂ ಕೇಳುವುದಿಲ್ಲ.

1971ರ ಯುದ್ಧವನ್ನೇ ತೆಗೆದುಕೊಳ್ಳಿ. ಪೂರ್ವದ ಕಾರ್ಯಾಚರಣೆಯಲ್ಲಿ ಇದ್ದವರಿಗೆ ಪೂರ್ವಿ ಸ್ಟಾರ್. ಪಶ್ಚಿಮದಲ್ಲಿ ಇದ್ದವರಿಗೆ ಪಶ್ಚಿಮಿ ಸ್ಟಾರ್. 1971ರ ಡಿಸೆಂಬರ್ 3ರಿಂದ 1972ರ ಡಿಸೆಂಬರ್ 20ರ ನಡುವೆ ಗೊತ್ತುಮಾಡಿದ ರಾಜ್ಯಗಳ ಕಾರ್ಯಾಚರಣೆ ಪ್ರದೇಶಗಳಲ್ಲಿ ಇದ್ದವರಿಗೆ ಸಂಗ್ರಾಮ್ ಮೆಡಲ್. ಸೈನ್ಯ ಸೇವಾ ಮೆಡಲ್‌ಗೆ ಜಮ್ಮು ಕಾಶ್ಮೀರ, ನೇಫಾ (ಈಗಿನ ಅರುಣಾಚಲ ಪ್ರದೇಶ), ಹಿಮಾಲಯ ಅಂತ ಬೇರೆ ಬೇರೆ ಕ್ಲಾಸ್ಪ್, ಅಂದರೆ ರಿಬ್ಬನ್ ಮೇಲೆ ಹಾಕುವ ಹೆಸರಿನ ಪಟ್ಟಿಗಳು, ಇವೆ. ಒಂದೊಂದಕ್ಕೂ ಇಂತಿಷ್ಟು ಕಾಲ ಅಲ್ಲಿರಬೇಕು ಅನ್ನುವ ನಿಯಮ ಇದೆ. ಇನ್ನು ಕೆಲವಕ್ಕೆ ಜಾಗವೂ ಬೇಡ, ತಾರೀಕು ಸಾಕು. 1972ರ ಆಗಸ್ಟ್ 15ರಂದು ಸೇವೆಯಲ್ಲಿ ಇದ್ದವರಿಗೆ ಸ್ವಾತಂತ್ರ್ಯದ 25ನೇ ವರ್ಷದ ಪದಕ, 1997ರ ಆಗಸ್ಟ್ 15ರಂದು ಇದ್ದವರಿಗೆ 50ನೇ ವರ್ಷದ ಪದಕ. 9 ವರ್ಷ, 20 ವರ್ಷದ ದೀರ್ಘ ಸೇವಾ ಪದಕಗಳೂ ಇವೆ. ಈಗ ಹೇಳಿ, ಇವುಗಳಲ್ಲಿ ಯಾವುದಕ್ಕೆ ನಿಮ್ಮ ಎರಡನೇ ಪುಟ ಬೇಕು?

ಇಷ್ಟು ಹೇಳಿದ ಮೇಲೂ ಮಾತು ಅಲ್ಲಿಗೇ ಬರುತ್ತದೆ. "ಸರ್, ಆದರೆ ಅಪ್ಪ ಏನು ಮಾಡಿದ್ರು ಅಂತ ಅವರಿಗೆ ಗೊತ್ತಾಗ್ಬೇಕಲ್ವಾ?" ಗೊತ್ತಾಗಬೇಕು, ಒಪ್ಪುತ್ತೇನೆ. ಆ ಕಥೆಯನ್ನು ಬರೆದಿಡಿ, ಮೊಮ್ಮಕ್ಕಳಿಗೆ ಓದಿ ಹೇಳಿ. ಸೈನಿಕರ ಸೇವಾ ದಾಖಲೆ ಇಡುವ ರೆಕಾರ್ಡ್ ಆಫೀಸಿಗೆ ಹಾಕುವ ಅರ್ಜಿಯಲ್ಲಿ ಮಾತ್ರ ಬೇಡ. ಅಲ್ಲಿ ಕೂತ ಗುಮಾಸ್ತ ಕಥೆ ಓದಿದ ತಕ್ಷಣ ಇದು ಶೌರ್ಯ ಪದಕದ ಬೇಡಿಕೆ ಅಂದುಕೊಳ್ಳುತ್ತಾನೆ. ಅದು ತನ್ನ ಕೈಯಲ್ಲಿಲ್ಲ ಅಂತ ಕಡತವನ್ನು ಪಕ್ಕಕ್ಕಿಡುತ್ತಾನೆ. ಅದರ ಜೊತೆಗೆ ನಿಮಗೆ ಸಲೀಸಾಗಿ ಸಿಗಬಹುದಾಗಿದ್ದ ಸಂಗ್ರಾಮ್ ಮೆಡಲ್ ಕೂಡ ಪಕ್ಕಕ್ಕೆ ಹೋಗುತ್ತದೆ.

ಇವು ಬಿಟ್ಟುಹೋಗುವುದಾದರೂ ಹೇಗೆ? ಪದಕಕ್ಕೆ ಅರ್ಹರಾದವರ ಪಟ್ಟಿ ಮಾಡುವುದು ಯೂನಿಟ್. ಅದು ರೆಕಾರ್ಡ್ ಆಫೀಸಿಗೆ ಹೋಗುತ್ತದೆ. ಪಾರ್ಟ್ ಟೂ ಆರ್ಡರ್, ಅಂದರೆ ಸೈನಿಕನ ಸೇವಾ ವಿವರಗಳನ್ನು ದಾಖಲೆಗೆ ಸೇರಿಸುವ ಅಧಿಕೃತ ಆದೇಶ, ಪ್ರಕಟವಾಗುತ್ತದೆ. ಆ ಆರ್ಡರ್ ಆಧಾರದ ಮೇಲೆ ಸೈನಿಕನ ಶೀಟ್ ರೋಲ್‌ನಲ್ಲಿ (ಕಚೇರಿಯಲ್ಲಿರುವ ಅವನ ಸೇವಾ ದಾಖಲೆ), ಆಮೇಲೆ ಡಿಸ್ಚಾರ್ಜ್ ಬುಕ್‌ನಲ್ಲಿ ಪದಕದ ಹೆಸರು ಏರುತ್ತದೆ. ಪಾರ್ಟ್ ಟೂ ಆರ್ಡರ್ ಇಲ್ಲದಿದ್ದರೆ ದಾಖಲೆಯ ಮಟ್ಟಿಗೆ ಆ ಪದಕವೇ ಇಲ್ಲ. ಪೆಟ್ಟಿಗೆಯಲ್ಲಿ ಪದಕ ಇದ್ದರೂ ಇಲ್ಲ. ಇದಕ್ಕೆ ಜನ ತುಂಬ ಆಶ್ಚರ್ಯಪಡುತ್ತಾರೆ, ಹಾಗಾಗಿ ಸ್ವಲ್ಪ ನಿಲ್ಲುತ್ತೇನೆ.

ಅಸಲಿ ಪದಕಗಳು ಕೈಗೆ ಬರುವುದು ವರ್ಷಗಟ್ಟಲೆ ತಡವಾಗುವುದು ಸೇನೆಯಲ್ಲಿ ಹಳೆಯ ಸಮಸ್ಯೆ. ಪರೇಡಿಗೆ ಎದೆಯ ಮೇಲೆ ಇರಲೇಬೇಕು. ಹಾಗಾಗಿ ಜವಾನರು ಅಂಗಡಿಯಲ್ಲಿ ಸಿಗುವ ನಕಲನ್ನು ಕೊಂಡು ಹಾಕಿಕೊಳ್ಳುತ್ತಾರೆ. ಇದರಲ್ಲಿ ಅವರ ತಪ್ಪೇನೂ ಇಲ್ಲ. ಆದರೆ ಮೂವತ್ತು ವರ್ಷ ಕಳೆದ ಮೇಲೆ ಮಗ ಆ ಪೆಟ್ಟಿಗೆ ತೆಗೆದು, "ನೋಡಿ, ಕೊಟ್ಟಿದ್ದಾರೆ, ಪುಸ್ತಕದಲ್ಲಿ ಬರೆದಿಲ್ಲ ಅಷ್ಟೇ" ಅನ್ನುತ್ತಾನೆ. ಪದಕವನ್ನು ತಿರುಗಿಸಿ ಅಂಚು ನೋಡಿ. ಸರ್ಕಾರ ಕೊಟ್ಟ ಪದಕದ ಅಂಚಿನಲ್ಲಿ ಸಾಮಾನ್ಯವಾಗಿ ನಂಬರು, ರ‍್ಯಾಂಕು, ಹೆಸರು ಕೊರೆದಿರುತ್ತದೆ. ಅಂಚು ಖಾಲಿ ಇದ್ದರೆ ಅದನ್ನು ಪುರಾವೆ ಅಂತ ಕಳಿಸಬೇಡಿ. ಹೆಸರಿದ್ದರೆ ಆ ಅಂಚಿನದೇ ಒಂದು ಸ್ಪಷ್ಟವಾದ ಫೋಟೋ ತೆಗೆದು ಲಗತ್ತಿಸಿ. ಎದೆ ಮೇಲಿರುವ ಫೋಟೋಗಿಂತ ಅದಕ್ಕೆ ಬೆಲೆ ಜಾಸ್ತಿ.

ಸರಿ, ಪಟ್ಟಿಯಿಂದ ಹೆಸರು ತಪ್ಪುವುದು ಯಾರದು? ನನ್ನ ಅನುಭವದಲ್ಲಿ, ಜಾಸ್ತಿ ಅಟ್ಯಾಚ್‌ಮೆಂಟ್ ಮೇಲೆ ಬೇರೆ ಯೂನಿಟ್‌ಗೆ ಹೋಗಿದ್ದವರದು. ಸೈನಿಕ ಲೆಕ್ಕಕ್ಕೆ ಒಂದು ಯೂನಿಟ್‌ನಲ್ಲಿ, ಕೆಲಸಕ್ಕೆ ಇನ್ನೊಂದರಲ್ಲಿ. ಇದ್ದ ಯೂನಿಟ್ ಅವನು ನಮ್ಮವನಲ್ಲ ಅಂತ ಬಿಡುತ್ತದೆ, ಸ್ವಂತ ಯೂನಿಟ್ ಅವನು ಇಲ್ಲಿರಲಿಲ್ಲ ಅಂತ ಬಿಡುತ್ತದೆ. ಕೋರ್ಸಿಗೆ ಹೋದವರು, ಆಸ್ಪತ್ರೆಯಲ್ಲಿದ್ದವರು, ಪಟ್ಟಿ ತಯಾರಾಗುವ ಹೊತ್ತಿಗೆ ಪೋಸ್ಟಿಂಗ್ ಮೇಲೆ ಹೊರಟವರು, ಇವರದೂ ಇದೇ ಪಾಡು.

ಒಬ್ಬರು ಯಜಮಾನರು ಬಂದಿದ್ದರು. ಹವಾಲ್ದಾರ್ ಆಗಿ ನಿವೃತ್ತಿ, 1971ರಲ್ಲಿ ಸಿಪಾಯಿ. ಜೊತೆಗೆ ಇಬ್ಬರು ಗಂಡುಮಕ್ಕಳು. ಮಕ್ಕಳಿಗೆ ವೀರ ಚಕ್ರವೇ ಬೇಕು. ಆಗಿನ ಸಾಹೇಬರು "ನಿನ್ನ ಹೆಸರು ಕಳಿಸ್ತೀನಿ" ಅಂದಿದ್ದರಂತೆ. ಅರ್ಧ ಗಂಟೆ ಅವರಿಬ್ಬರೇ ಮಾತಾಡಿದರು. ಕೊನೆಗೆ ನಾನು ಯಜಮಾನರನ್ನೇ ಕೇಳಿದೆ: "ನಿಮಗೇನು ಬೇಕು ಹೇಳಿ." ಅವರು ಹೇಳಿದ್ದು ಇಷ್ಟೇ: "ಸಾಹೇಬ್ರೇ, ನನ್ನ ಜೊತೆ ಇದ್ದೋರಿಗೆಲ್ಲ ಪೂರ್ವಿ ಸ್ಟಾರ್ ಐತೆ. ನಂಗೊಬ್ಬಂಗೆ ಇಲ್ಲ. ನಾನೂ ಅಲ್ಲೇ ಇದ್ದೆ."

ಡಿಸ್ಚಾರ್ಜ್ ಬುಕ್ ನೋಡಿದರೆ ಅವರ ಸ್ವಂತ ಯೂನಿಟ್ ಆಗ ಪಶ್ಚಿಮದಲ್ಲಿತ್ತು. ಅವರು ಅಕ್ಟೋಬರ್‌ನಲ್ಲೇ ಪೂರ್ವದ ಒಂದು ಎಂಜಿನಿಯರ್ ಯೂನಿಟ್‌ಗೆ ಅಟ್ಯಾಚ್ ಆಗಿ ಹೋಗಿದ್ದರು. ಹಾಗೆ ಹೋಗಲು ಕೊಟ್ಟಿದ್ದ ಮೂವ್‌ಮೆಂಟ್ ಆರ್ಡರ್ ಕಳೆದುಹೋಗಿತ್ತು. ಸಿಕ್ಕಿದ್ದು ಅವರ ಹೆಂಡತಿ ಇಟ್ಟುಕೊಂಡಿದ್ದ ಇನ್‌ಲ್ಯಾಂಡ್ ಕಾಗದಗಳು. ಆ ತಾಯಿ ಒಂದನ್ನೂ ಬಿಸಾಡಿರಲಿಲ್ಲ. ಹಿಂದುಗಡೆ ವಿಳಾಸದಲ್ಲಿ ಹೊಸ ಯೂನಿಟ್‌ನ ಹೆಸರು, ಕೆಳಗೆ 99 ಎಪಿಒ, ಅಂದರೆ ಸೇನಾ ಅಂಚೆ ಕಚೇರಿಯ ನಂಬರು. ಸೈನಿಕರಿಗೆ ಇದು ಹೇಳಬೇಕಿಲ್ಲ, ಮಕ್ಕಳಿಗೆ ಹೇಳಬೇಕು: 56 ಎಪಿಒ ಅಂದರೆ ದೆಹಲಿ ಮೂಲಕ ಹಂಚುವ ಅಂಚೆ, 99 ಎಪಿಒ ಅಂದರೆ ಕಲ್ಕತ್ತಾ ಮೂಲಕ ಪೂರ್ವದ ಕಡೆ ಹೋಗುವ ಅಂಚೆ. ಆ ಕಾಗದವೊಂದರಿಂದಲೇ ಪದಕ ಬರುವುದಿಲ್ಲ, ತಪ್ಪು ತಿಳಿಯಬೇಡಿ. ಆದರೆ ಯಾವ ಯೂನಿಟ್‌ನ ಕಾಗದಪತ್ರ ಹುಡುಕಬೇಕು ಅನ್ನುವುದು ಅದರಿಂದ ಗೊತ್ತಾಯಿತು. ಜೊತೆಯಲ್ಲಿದ್ದ ಇಬ್ಬರು ತಮ್ಮ ಡಿಸ್ಚಾರ್ಜ್ ಬುಕ್ ನಕಲು ಕೊಟ್ಟರು, ಇವರು ನಮ್ಮ ಜೊತೆ ಇದ್ದರು ಅಂತ ತಾರೀಕು ಸಮೇತ ಬರೆದುಕೊಟ್ಟರು. ಅರ್ಜಿ ಒಂದೇ ಪುಟ ಆಯಿತು. ವೀರ ಚಕ್ರದ ಮಾತು ಎತ್ತಲಿಲ್ಲ. ತಡವಾದರೂ ದಾಖಲೆಯಲ್ಲಿ ಪೂರ್ವಿ ಸ್ಟಾರ್ ಏರಿತು.

ಆ ಸಾಹೇಬರು ಹೆಸರು ಕಳಿಸಿರಲೂಬಹುದು. ಆದರೆ ಶಿಫಾರಸು ಬೇರೆ, ಪ್ರಶಸ್ತಿ ಬೇರೆ. ಶೌರ್ಯ ಪ್ರಶಸ್ತಿಯನ್ನು ಸರ್ಕಾರ ತೀರ್ಮಾನಿಸಿ ಗೆಜೆಟ್‌ನಲ್ಲಿ ಪ್ರಕಟಿಸುತ್ತದೆ. ಗೆಜೆಟ್‌ನಲ್ಲಿ ಹೆಸರಿದ್ದು ಡಿಸ್ಚಾರ್ಜ್ ಬುಕ್‌ನಲ್ಲಿ ಇಲ್ಲ ಅಂದರೆ ಅದು ದಾಖಲೆಯ ತಪ್ಪು, ಸರಿಮಾಡಿಸಬಹುದು. ಗೆಜೆಟ್‌ನಲ್ಲೇ ಇಲ್ಲ ಅಂದರೆ ದಾಖಲೆ ಸರಿಯಾಗಿಯೇ ಇದೆ, ತಿದ್ದಲು ಏನೂ ಇಲ್ಲ. ಇದನ್ನು ಹೇಳುವುದು ನನಗೂ ಕಷ್ಟ. ಒಂದು ಮಾತ್ರ ಗಮನಿಸಿ: 1967ರವರೆಗೆ ಕೀರ್ತಿ ಚಕ್ರ, ಶೌರ್ಯ ಚಕ್ರ ಅನ್ನುವ ಹೆಸರುಗಳಿರಲಿಲ್ಲ. ಅಶೋಕ ಚಕ್ರ ಎರಡನೇ ದರ್ಜೆ, ಮೂರನೇ ದರ್ಜೆ ಅಂತಿದ್ದವು. ಹಳೆಯ ಗೆಜೆಟ್‌ನಲ್ಲಿ ಶೌರ್ಯ ಚಕ್ರ ಹುಡುಕಿ ಸಿಗಲಿಲ್ಲ ಅಂತ ಕೈಬಿಟ್ಟವರಿದ್ದಾರೆ. ಸೇನಾ ಮುಖ್ಯಸ್ಥರ ಕಮೆಂಡೇಶನ್ ಕಾರ್ಡ್ (ಮೆಚ್ಚುಗೆ ಪತ್ರ) ಪದಕ ಅಲ್ಲ, ಆದರೆ ಅದೂ ದಾಖಲೆಯಲ್ಲಿ ಇರಬೇಕಾದ ಗೌರವವೇ.

ಗಾಯದ ಪದಕದ ವಿಷಯದಲ್ಲೂ ಇದೇ ಗೊಂದಲ. ಅದು ಶತ್ರುವಿನ ನೇರ ಕಾರ್ಯಾಚರಣೆಯಲ್ಲಿ ಆದ ಗಾಯಕ್ಕೆ ಕೊಡುವುದು. ಗಡಿಯಲ್ಲಿದ್ದಾಗ ಲಾರಿ ಉರುಳಿ ಕಾಲು ಮುರಿದಿದ್ದರೆ ಆ ನೋವು ಕಮ್ಮಿಯೇನಲ್ಲ, ಅಂಗವೈಕಲ್ಯ ಪಿಂಚಣಿಯ ಪ್ರಶ್ನೆ ಬರಬಹುದು, ಆದರೆ ಆ ಪದಕ ಬರುವುದಿಲ್ಲ. ಬ್ಯಾಟಲ್ ಕ್ಯಾಶುವಲ್ಟಿ (ಯುದ್ಧದಲ್ಲಿ ಗಾಯಗೊಂಡವರು) ಅಂತ ಆಗ ಪ್ರಕಟವಾಗಿತ್ತೇ ಅನ್ನುವುದನ್ನು ಮೊದಲು ನೋಡಬೇಕು.

ಪಿಪಿಒದಲ್ಲಿ (ಪಿಂಚಣಿ ಪಾವತಿ ಆದೇಶ) ಪದಕದ ಹೆಸರಿಲ್ಲ, ಪಿಂಚಣಿಯ ಸ್ಪರ್ಶ್ ಪೋರ್ಟಲ್‌ನಲ್ಲಿ ಕಾಣುತ್ತಿಲ್ಲ ಅಂತ ಗಾಬರಿಯಾಗುವವರೂ ಇದ್ದಾರೆ. ಅವು ಪಿಂಚಣಿಯ ಲೆಕ್ಕ. ಪೂರ್ವಿ ಸ್ಟಾರ್, ಸಂಗ್ರಾಮ್ ಮೆಡಲ್‌ಗಳಿಗೆ ತಿಂಗಳ ಭತ್ಯೆ ಇಲ್ಲ, ಹಾಗಾಗಿ ಅಲ್ಲಿ ಹುಡುಕಿ ಪ್ರಯೋಜನವಿಲ್ಲ. ಭತ್ಯೆ ಇರುವುದು ಶೌರ್ಯ ಪ್ರಶಸ್ತಿಗಳಿಗೆ. 2017ರ ಪರಿಷ್ಕರಣೆಯಲ್ಲಿ ಅದು ಪರಮವೀರ ಚಕ್ರಕ್ಕೆ ತಿಂಗಳಿಗೆ 20,000 ರೂಪಾಯಿ, ಶೌರ್ಯಕ್ಕಾಗಿ ಕೊಡುವ ಸೇನಾ ಮೆಡಲ್‌ಗೆ 2,000 ರೂಪಾಯಿ ಆಯಿತು.

ದಯವಿಟ್ಟು ಒಂದು ಕೆಲಸ ಮಾಡಬೇಡಿ. ಡಿಸ್ಚಾರ್ಜ್ ಬುಕ್‌ನಲ್ಲಿ ನೀವೇ ಪೆನ್ ಹಿಡಿದು ಪದಕದ ಹೆಸರು ಬರೆಯಬೇಡಿ. ನಗಬೇಡಿ, ಇದು ನಡೆಯುತ್ತದೆ. ಮೊಮ್ಮಗ ಕೈಬರಹ ಚೆನ್ನಾಗಿದೆ ಅಂತ ತುಂಬಿಸಿಬಿಟ್ಟಿರುತ್ತಾನೆ. ಸಹಿಯಿಲ್ಲದ ಆ ಒಂದು ಸಾಲಿನಿಂದ ಇಡೀ ಪುಸ್ತಕದ ಮೇಲೆ ಅನುಮಾನ ಬರುತ್ತದೆ, ಸರಿಯಾಗಿದ್ದ ನಮೂದುಗಳನ್ನೂ ಮತ್ತೆ ಪರಿಶೀಲಿಸುತ್ತಾರೆ.

ಅರ್ಜಿ ಹೋಗಬೇಕಾದದ್ದು ಅವರ ರೆಜಿಮೆಂಟ್ ಅಥವಾ ಕೋರ್‌ನ ರೆಕಾರ್ಡ್ ಆಫೀಸಿಗೆ. ಮದ್ರಾಸ್ ಸ್ಯಾಪರ್ಸ್ (ಎಂಜಿನಿಯರ್ ಪಡೆ) ಆದರೆ ಬೆಂಗಳೂರು, ಮರಾಠಾ ಲೈಟ್ ಇನ್‌ಫೆಂಟ್ರಿ ಆದರೆ ಬೆಳಗಾವಿ, ಮದ್ರಾಸ್ ರೆಜಿಮೆಂಟ್ ಆದರೆ ವೆಲ್ಲಿಂಗ್ಟನ್, ಆರ್ಟಿಲರಿ ಆದರೆ ನಾಸಿಕ್, ಸಿಗ್ನಲ್ಸ್ ಆದರೆ ಜಬಲ್‌ಪುರ, ಇಎಂಇ (ಯಂತ್ರೋಪಕರಣ ದುರಸ್ತಿಯ ಕೋರ್) ಆದರೆ ಸಿಕಂದರಾಬಾದ್. ವಿಳಾಸ ಗೊತ್ತಿಲ್ಲದಿದ್ದರೆ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ಕೇಳಿ. ದೆಹಲಿಗೆ, ಮಂತ್ರಿಗಳಿಗೆ, ರಾಷ್ಟ್ರಪತಿಗಳಿಗೆ ಬರೆದ ಕಾಗದವೂ ಸುತ್ತಿ ಬಳಸಿ ಇದೇ ಮೇಜಿಗೆ ಬರುತ್ತದೆ, ಸುಮ್ನೆ ತಿಂಗಳುಗಳು ಹೋಗುತ್ತವೆ.

ನಂಬರಿನ ಬಗ್ಗೆ ಎಚ್ಚರ. ನಾಯಬ್ ಸುಬೇದಾರ್ ಆದ ಮೇಲೆ ಸೈನಿಕನಿಗೆ ಜೆಸಿ ಎಂದು ಶುರುವಾಗುವ ಹೊಸ ನಂಬರ್ ಬರುತ್ತದೆ. ನಿವೃತ್ತಿಯ ನಂತರ ಡಿಎಸ್‌ಸಿ (ಡಿಫೆನ್ಸ್ ಸೆಕ್ಯುರಿಟಿ ಕೋರ್) ಸೇರಿದ್ದರೆ ಅಲ್ಲಿ ಇನ್ನೊಂದು ನಂಬರ್, ಆ ದಾಖಲೆ ಕಣ್ಣೂರಿನಲ್ಲಿ. 1971ರ ಪದಕ ಇರುವುದು ಸಿಪಾಯಿಯಾಗಿದ್ದಾಗಿನ ಹಳೆಯ ನಂಬರಿನಡಿ. ಇರುವ ಎಲ್ಲ ನಂಬರುಗಳನ್ನೂ ಬರೆಯಿರಿ. ಹೆಸರನ್ನು ಆಧಾರ್‌ನಲ್ಲಿ ಇರುವಂತಲ್ಲ, ಡಿಸ್ಚಾರ್ಜ್ ಬುಕ್‌ನಲ್ಲಿ ಇರುವಂತೆಯೇ, ಅಕ್ಷರ ತಪ್ಪಿದ್ದರೆ ಆ ತಪ್ಪಿನ ಸಮೇತ ಬರೆಯಿರಿ. ಹೆಸರು ತಿದ್ದುಪಡಿಗೆ ಬೇರೆ ಅರ್ಜಿ ಹಾಕಿ. ಪದಕ, ಹುಟ್ಟಿದ ತಾರೀಕು, ಪಿಂಚಣಿ ಬಾಕಿ ಎಲ್ಲವನ್ನೂ ಒಂದೇ ಕಾಗದದಲ್ಲಿ ತುಂಬಬೇಡಿ, ಒಂದೊಂದೂ ಬೇರೆ ಬೇರೆ ಮೇಜಿಗೆ ಹೋಗಬೇಕು.

ಕೇಳುವ ಮಾತು ಹೀಗಿರಲಿ: ಇಂಥ ಪದಕಕ್ಕೆ ಇಂಥ ನಂಬರಿನ ಹೆಸರಿನಲ್ಲಿ ಪಾರ್ಟ್ ಟೂ ಆರ್ಡರ್ ಪ್ರಕಟವಾಗಿದೆಯೇ? ಆಗಿದ್ದರೆ ಅದರ ಸಂಖ್ಯೆ, ತಾರೀಕು ತಿಳಿಸಿ, ಡಿಸ್ಚಾರ್ಜ್ ಬುಕ್‌ನಲ್ಲಿ ನಮೂದಿಸಿ. ಆಗಿಲ್ಲದಿದ್ದರೆ, ಈ ತಾರೀಕಿನಿಂದ ಈ ತಾರೀಕಿನವರೆಗೆ ಈ ಯೂನಿಟ್‌ನಲ್ಲಿ, ಈ ಜಾಗದಲ್ಲಿ ಇದ್ದರು, ಪುರಾವೆ ಲಗತ್ತಿಸಿದೆ, ಪರಿಶೀಲಿಸಿ ಪ್ರಕಟಿಸಿ. ಇಷ್ಟು ಸಾಕು. ಉತ್ತರ ಬರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಶೀಟ್ ರೋಲ್ ನಕಲು ಕೇಳಬಹುದು. ನಿರಾಕರಿಸಿ ಲಿಖಿತ ಉತ್ತರ ಬಂದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ, ಕರ್ನಾಟಕದವರಿಗೆ ಕೊಚ್ಚಿ ಪೀಠ. ಅಲ್ಲಿ ಸಾಮಾನ್ಯವಾಗಿ ಆರು ತಿಂಗಳ ಗಡುವು ಇರುವುದರಿಂದ ಆ ಉತ್ತರವನ್ನು ಕಪಾಟಿನಲ್ಲಿ ಇಟ್ಟು ಮರೆಯಬೇಡಿ, ವಕೀಲರನ್ನು ಕಾಣಿ. ನಿಮ್ಮ ಪ್ರಕರಣ ಗೆಲ್ಲುತ್ತದೋ ಇಲ್ಲವೋ ನಾನು ಇಲ್ಲಿಂದ ಹೇಳಲಾರೆ.

ಪಿಂಚಣಿ ಇಲ್ಲದೆ ಸೇನೆ ಬಿಟ್ಟವರ ಮನೆಯವರಿಗೆ ಒಂದು ವಿಶೇಷ ಮಾತು. ಅಂಥವರ ಸೇವಾ ಕಡತವನ್ನು 25 ವರ್ಷದ ನಂತರ ನಾಶ ಮಾಡಬಹುದು ಅನ್ನುವ ನಿಯಮ ಇದೆ. ಆಮೇಲೆ ಉಳಿಯುವುದು ಲಾಂಗ್ ರೋಲ್ ಎಂಬ ರಿಜಿಸ್ಟರಿನ ಕೆಲವೇ ವಿವರಗಳು. ಹಾಗಾಗಿ ಮನೆಯಲ್ಲಿರುವ ಡಿಸ್ಚಾರ್ಜ್ ಬುಕ್ಕೇ ಅವರ ಪಾಲಿಗೆ ಕಡತ. ಪ್ರತಿ ಪುಟವನ್ನೂ, ಖಾಲಿ ಪುಟವನ್ನೂ ಬಿಡದೆ, ಇವತ್ತೇ ಸ್ಕ್ಯಾನ್ ಮಾಡಿಸಿ. ಅರ್ಜಿಯ ಜೊತೆ ನಕಲು ಕಳಿಸಿ. ಮೂಲ ಪುಸ್ತಕವನ್ನು ನಮೂದು ಮಾಡಲು ಕಚೇರಿ ಲಿಖಿತವಾಗಿ ಕೇಳಿದಾಗ ಮಾತ್ರ ಕಳಿಸಿ, ಸಾಧ್ಯವಾದರೆ ಕೈಯಾರೆ ಕೊಟ್ಟು ರಸೀದಿ ಪಡೆಯಿರಿ. ಜೊತೆಗಿದ್ದ ಸೈನಿಕರು ಇನ್ನೂ ಇದ್ದರೆ ಅವರ ಹೇಳಿಕೆಯನ್ನು ಅರ್ಜಿ ಹಾಕುವ ಮೊದಲೇ ಬರೆಸಿ ಸಹಿ ಹಾಕಿಸಿಕೊಳ್ಳಿ. 1971ರಲ್ಲಿ ಇಪ್ಪತ್ತು ವರ್ಷದವರಾಗಿದ್ದವರಿಗೆ ಈಗ ಎಪ್ಪತ್ತು ದಾಟಿದೆ.