ಲಾರಿ ಹೋದ ನಡುಕವಲ್ಲ ಎಂದು ಹೇಗೆ ಗೊತ್ತು?

ಭಾರೀ ಕಾಯಗಳ ಚಲನೆಯಿಂದ ಎದ್ದು ಜಾಗವನ್ನೇ ಹಿಗ್ಗಿಸಿ ಕುಗ್ಗಿಸುತ್ತ ಸಾಗುವ ಗುರುತ್ವ ಅಲೆಗಳನ್ನು ಅಧ್ಯಯನ ಮಾಡುವ ಸಂಶೋಧನಾ ಸಂಸ್ಥೆಯೊಂದು ಸಾರ್ವಜನಿಕರಿಗಾಗಿ ಬಾಗಿಲು ತೆರೆದ ದಿನ ಅಲ್ಲಿ ಸಾಮಾನ್ಯವಾಗಿ ಎರಡು ಪ್ರದರ್ಶಿಕೆಗಳು ಕಾಣಸಿಗುತ್ತವೆ. ಒಂದು, ಬಿಗಿಯಾಗಿ ಎಳೆದು ಕಟ್ಟಿದ ಹಿಗ್ಗುವ ಬಟ್ಟೆಯ ಮೇಲಿಟ್ಟ ಭಾರವಾದ ಗುಂಡು. ಇನ್ನೊಂದು, ಮೇಜಿನ ಮೇಲೆ ಜೋಡಿಸಿದ ಲೇಸರ್ ಮತ್ತು ಕೆಲವು ಕನ್ನಡಿಗಳು. ಮೊದಲನೆಯದು ಕಣ್ಣಿಗೆ ಸೊಗಸು. ಆದರೆ ತಿರುಳಿರುವುದು ಎರಡನೆಯದರಲ್ಲಿ.

ಭಾರವಾದ ವಸ್ತು ತನ್ನ ಸುತ್ತಲಿನ ಜಾಗವನ್ನು ಬಾಗಿಸುತ್ತದೆಂದು ತೋರಿಸುವ ಬಟ್ಟೆಯ ಮಾದರಿಯಲ್ಲಿ ಒಂದು ಎಡವಟ್ಟಿದೆ. ಗುರುತ್ವ ಎಂದರೇನೆಂದು ವಿವರಿಸಲು ಇಟ್ಟ ಗುಂಡನ್ನು ಕೆಳಕ್ಕೆ ಜಗ್ಗುತ್ತಿರುವುದೂ ಭೂಮಿಯ ಗುರುತ್ವವೇ! ಅದಕ್ಕಿಂತ ದೊಡ್ಡ ತೊಡಕೆಂದರೆ, ಬಟ್ಟೆಯ ಅಲೆ ಮೇಲೆ ಕೆಳಗೆ ಕುಣಿಯುತ್ತದೆ. ಗುರುತ್ವ ಅಲೆಯಾದರೋ ತಾನು ಸಾಗುವ ದಿಕ್ಕಿಗೆ ಅಡ್ಡಲಾಗಿ ಒಂದು ಕಡೆಯ ದೂರವನ್ನು ಹಿಗ್ಗಿಸುತ್ತ, ಅದೇ ಹೊತ್ತಿಗೆ ಅದಕ್ಕೆ ಲಂಬವಾಗಿರುವ ಕಡೆಯ ದೂರವನ್ನು ಕುಗ್ಗಿಸುತ್ತದೆ, ಮರುಗಳಿಗೆಗೆ ಎರಡೂ ಅದಲುಬದಲಾಗುತ್ತವೆ. ಈ ಅಲೆಗಳನ್ನು ಪತ್ತೆಹಚ್ಚುವ ಅಮೆರಿಕದ ಲೈಗೋ ವೀಕ್ಷಣಾಲಯದ ತಲಾ 4 ಕಿಲೋಮೀಟರ್ ಉದ್ದದ ಎರಡು ತೋಳುಗಳು ಲಂಬಕೋನದಲ್ಲಿ ಚಾಚಿಕೊಂಡಿರುವುದು ಈ ಕಾರಣದಿಂದಲೇ.

ಮೇಜಿನ ಮೇಲಿರುವುದು ಅದೇ ಉಪಕರಣದ ಪುಟ್ಟ ರೂಪ. ಅರ್ಧ ಬೆಳಕನ್ನು ದಾಟಿಸಿ ಉಳಿದರ್ಧವನ್ನು ಹೊರಳಿಸುವ ಗಾಜಿನಲ್ಲಿ ಲೇಸರ್ ಕಿರಣ ಇಬ್ಭಾಗವಾಗಿ, ಎರಡು ಕನ್ನಡಿಗಳಿಗೆ ತಾಗಿ ಮರಳಿ ಕೂಡಿಕೊಂಡಾಗ ಪರದೆಯ ಮೇಲೆ ಬೆಳಕು ಕತ್ತಲೆಯ ಪಟ್ಟೆಗಳು ಮೂಡುತ್ತವೆ. ಒಂದು ಕನ್ನಡಿ ಮೈಕ್ರೋಮೀಟರಿನ ಮೂರನೇ ಒಂದು ಭಾಗದಷ್ಟು ಸರಿದರೆ ಸಾಕು, ಒಂದು ಪಟ್ಟೆ ಪಕ್ಕದ ಪಟ್ಟೆಯ ಜಾಗಕ್ಕೆ ಬಂದು ನಿಲ್ಲುತ್ತದೆ. ಮಗುವೊಂದು ಬೆರಳ ತುದಿಯಿಂದ ಮೇಜನ್ನು ಮುಟ್ಟಿದರೂ ಪಟ್ಟೆಗಳು ಓಡಾಡತೊಡಗುತ್ತವೆ. ಆಗ ಯಾರಾದರೂ ಕೇಳಬೇಕಾದ ಪ್ರಶ್ನೆಯೊಂದಿದೆ: ಇಷ್ಟಕ್ಕೇ ಅಲುಗುವ ಉಪಕರಣದಲ್ಲಿ ನಿಮಗೆ ಸಿಕ್ಕಿದ್ದು ಹೊರಗಿನ ರಸ್ತೆಯಲ್ಲಿ ಲಾರಿ ಹೋದ ನಡುಕವಲ್ಲ ಎಂದು ಹೇಗೆ ಹೇಳುತ್ತೀರಿ? ಇದಕ್ಕಿಂತ ಒಳ್ಳೆಯ ಪ್ರಶ್ನೆ ಇಡೀ ದಿನದಲ್ಲಿ ಬರಲಾರದು. ಅದನ್ನು ಎರಡೇ ಮಾತಿನಲ್ಲಿ ಮುಗಿಸಿಬಿಡುವುದು ತಪ್ಪೆಂದು ನನ್ನ ಅಭಿಪ್ರಾಯ.

ಈ ಸಂಶಯಕ್ಕೆ ಇತಿಹಾಸವೂ ಇದೆ. ದೊಡ್ಡ ಅಲ್ಯೂಮಿನಿಯಂ ಉರುಳೆಗಳ ಕಂಪನದಲ್ಲಿ ಗುರುತ್ವ ಅಲೆಗಳ ಗುರುತು ಸಿಕ್ಕಿದೆಯೆಂದು ಅಮೆರಿಕದ ಭೌತವಿಜ್ಞಾನಿ ಜೋಸೆಫ್ ವೆಬರ್ 1969ರಲ್ಲಿ ಪ್ರಕಟಿಸಿದ್ದರು. ಬೇರೆಯವರು ಅಂಥವೇ ಉಪಕರಣಗಳನ್ನು ಕಟ್ಟಿ ಹುಡುಕಿದಾಗ ಅದು ದೃಢಪಡಲಿಲ್ಲ. ಲೈಗೋದ ಎರಡು ಕೇಂದ್ರಗಳು, ವಾಷಿಂಗ್ಟನ್ ರಾಜ್ಯದ ಹ್ಯಾನ್‌ಫರ್ಡ್ ಮತ್ತು ಲೂಸಿಯಾನಾದ ಲಿವಿಂಗ್‌ಸ್ಟನ್, ಸುಮಾರು 3,000 ಕಿಲೋಮೀಟರ್ ಅಂತರದಲ್ಲಿವೆ. ಒಂದರ ಬಳಿ ಓಡಿದ ಲಾರಿ ಇನ್ನೊಂದರ ಕನ್ನಡಿಯನ್ನು ಅಲುಗಿಸಲಾರದು. 2015ರ ಸೆಪ್ಟೆಂಬರ್ 14ರಂದು ಲಿವಿಂಗ್‌ಸ್ಟನ್‌ನಲ್ಲಿ ಕಂಡ ಸಂಕೇತ ಸುಮಾರು 7 ಮಿಲಿಸೆಕೆಂಡುಗಳ ನಂತರ ಹ್ಯಾನ್‌ಫರ್ಡ್‌ನಲ್ಲೂ ಕಂಡಿತು. ಗುರುತ್ವ ಅಲೆ ಸಾಗುವುದು ಬೆಳಕಿನ ವೇಗದಲ್ಲಿ, ಆ ದೂರವನ್ನು ದಾಟಲು ಬೆಳಕಿಗೆ 10 ಮಿಲಿಸೆಕೆಂಡು ಬೇಕು. ಆದ್ದರಿಂದ ಈ ವ್ಯತ್ಯಾಸ ಸಾಧ್ಯತೆಯ ಮಿತಿಯೊಳಗೇ ಇತ್ತು. ತೋಳಿನ ಉದ್ದದಲ್ಲಾದ ಬದಲಾವಣೆ ಪ್ರೋಟಾನಿನ ವ್ಯಾಸದ ಸುಮಾರು 1/400 ಪಾಲು ಮಾತ್ರ.

ಎರಡೂ ಕಡೆ ಕಾಕತಾಳೀಯವಾಗಿ ಒಟ್ಟಿಗೇ ಗದ್ದಲ, ಅಂದರೆ ಅಲೆಯಿಂದಲ್ಲದೆ ಬೇರೆ ಕಾರಣಕ್ಕೆ ಆಗುವ ಅಲುಗಾಟ, ಎದ್ದಿದ್ದರೆ? ಇದನ್ನು ಅಳೆದ ಉಪಾಯಕ್ಕೆ ಪ್ರತಿ ಪ್ರದರ್ಶನದಲ್ಲೂ ಒಂದು ಫಲಕ ಮೀಸಲಿಡಬೇಕು. ಎರಡು ಕೇಂದ್ರಗಳ ದತ್ತಾಂಶಗಳನ್ನು ಅಕ್ಕಪಕ್ಕದಲ್ಲಿಟ್ಟು, ಒಂದನ್ನು ಬೇಕೆಂದೇ 10 ಮಿಲಿಸೆಕೆಂಡಿಗಿಂತ ಹೆಚ್ಚು ಸರಿಸಿದರೆ, ನಿಜವಾದ ಅಲೆ ಎರಡರಲ್ಲೂ ಹೊಂದಿಕೊಳ್ಳುವುದಿಲ್ಲ. ಆಗ ಕಾಣುವ ಹೊಂದಿಕೆಗಳೆಲ್ಲ ಬರೀ ಆಕಸ್ಮಿಕ. ಹೀಗೆ ಬೇರೆ ಬೇರೆ ಅಳತೆಗೆ ಮತ್ತೆ ಮತ್ತೆ ಸರಿಸುತ್ತ, 16 ದಿನಗಳ ದತ್ತಾಂಶದಿಂದಲೇ ಲಕ್ಷಾಂತರ ವರ್ಷಗಳ ಗದ್ದಲಕ್ಕೆ ಸಮನಾದ ಲೆಕ್ಕವನ್ನು ತೆಗೆಯಲಾಯಿತು. ಅಷ್ಟು ಬಲವಾದ ಹುಸಿ ಸಂಕೇತ 2,03,000 ವರ್ಷಗಳಲ್ಲಿ ಒಮ್ಮೆಯೂ ಬರಲಾರದು ಎಂಬುದು ಅದರ ಫಲ.

ಇನ್ನು ಸಂಕೇತದ ಆಕಾರ. ಸುಮಾರು 0.2 ಸೆಕೆಂಡಿನಲ್ಲಿ 35 ಹರ್ಟ್ಸ್‌ನಿಂದ (ಸೆಕೆಂಡಿಗೆ 35 ಕಂಪನ) 250 ಹರ್ಟ್ಸ್‌ಗೆ ಏರಿದ ಆ ಕಂಪನವನ್ನು ಧ್ವನಿವರ್ಧಕಕ್ಕೆ ಕೊಟ್ಟರೆ ಹಕ್ಕಿಯೊಂದು ಥಟ್ಟನೆ ಉಲಿದಂತೆ ಕೇಳುತ್ತದೆ (ಅಲೆ ಶಬ್ದವಲ್ಲ; ಇದು ಕಿವಿಗಾಗಿ ಮಾಡಿಕೊಂಡ ಏರ್ಪಾಡು). ಸೂರ್ಯನ 36 ಮತ್ತು 29 ಪಟ್ಟು ತೂಗುವ ಎರಡು ಕಪ್ಪುಕುಳಿಗಳು ಒಂದನ್ನೊಂದು ಸುತ್ತುತ್ತ ಕೂಡಿಕೊಂಡು 62 ಪಟ್ಟಿನ ಒಂದಾದವು. ಉಳಿದ ಮೂರು ಸೂರ್ಯರಷ್ಟು ದ್ರವ್ಯ ಅಲೆಗಳ ಶಕ್ತಿಯಾಗಿ ಹೋಯಿತು. ಕದಡಿದ ಕಪ್ಪುಕುಳಿ ಬಡಿದ ಗಂಟೆಯಂತೆ ಮಿಡಿದು ಬೇಗನೆ ಶಾಂತವಾಗುವುದನ್ನು ಭೌತವಿಜ್ಞಾನಿ ಸಿ. ವಿ. ವಿಶ್ವೇಶ್ವರ ಅವರು 1970ರಲ್ಲೇ ಲೆಕ್ಕಹಾಕಿ ತೋರಿಸಿದ್ದರು. ಮುಂದೆ ತಾರಾಲಯವೊಂದರ ಸ್ಥಾಪಕ ನಿರ್ದೇಶಕರಾಗಿ ಜನರಿಗೆ ಆಕಾಶವನ್ನು ಪರಿಚಯಿಸಿದವರೂ ಅವರೇ. ಲಾರಿಯ ನಡುಕಕ್ಕೆ ಇಂಥ ಏರಿಕೆಯೂ ಇಲ್ಲ, ಇಂಥ ಕೊನೆಯೂ ಇಲ್ಲ.

ಆದರೂ 2015ರ ಸಂಕೇತದ ಮೊದಲ ಸುದ್ದಿ ಕೇಳಿದ ಲೈಗೋದವರಲ್ಲೇ ಹಲವರಿಗೆ ಅನುಮಾನ ಬಂದಿತ್ತು. ಕಾರಣವಿಲ್ಲದೆಯೇನಲ್ಲ. ತಂಡದ ಎಚ್ಚರವನ್ನು ಪರೀಕ್ಷಿಸಲು 2010ರ ಸೆಪ್ಟೆಂಬರ್‌ನಲ್ಲಿ ಗುಟ್ಟಾಗಿ ಒಂದು ಹುಸಿ ಸಂಕೇತವನ್ನು ಸೇರಿಸಲಾಗಿತ್ತು. ತಿಂಗಳುಗಟ್ಟಲೆ ವಿಶ್ಲೇಷಿಸಿ ಪ್ರಬಂಧವನ್ನೂ ಸಿದ್ಧಪಡಿಸಿದ ಮೇಲೆಯೇ, 2011ರ ಮಾರ್ಚ್‌ನಲ್ಲಿ, ಅದು ಹುಸಿಯೆಂದು ತಂಡಕ್ಕೆ ತಿಳಿಸಿದ್ದು.

ಗದ್ದಲದ ಮೂಲವನ್ನು ಹುಡುಕುವ ಕೆಲಸ ಇಂದಿಗೂ ನಿಂತಿಲ್ಲ. ಹ್ಯಾನ್‌ಫರ್ಡ್‌ನಲ್ಲಿ ಕಾರಣ ತಿಳಿಯದ ಗದ್ದಲವೊಂದರ ಬೆನ್ನು ಹತ್ತಿದವರಿಗೆ ಸಿಕ್ಕಿದ್ದು, ದ್ರವ ನೈಟ್ರೋಜನ್ನಿನ ಕೊಳವೆಯ ಮೇಲೆ ಕಟ್ಟಿದ್ದ ಹಿಮದಲ್ಲಿ ಕಾಗೆ ಜಾತಿಯ ರೇವನ್ ಹಕ್ಕಿಗಳು ಕುಕ್ಕಿದ ಗುರುತುಗಳು. 2016ರಲ್ಲಿ ಆರಂಭವಾದ ಗ್ರಾವಿಟಿ ಸ್ಪೈ ಯೋಜನೆ ಈ ಕೆಲಸವನ್ನು ಆಸಕ್ತ ಜನರ ಕೈಗೇ ಕೊಟ್ಟಿತು. ಗದ್ದಲದ ಚಿತ್ರಗಳನ್ನು ಒಂದೊಂದಾಗಿ ನೋಡಿ ಆಕಾರಕ್ಕೆ ತಕ್ಕಂತೆ ವಿಂಗಡಿಸುವುದಕ್ಕೆ ಭೌತವಿಜ್ಞಾನದ ಪದವಿ ಬೇಕಿಲ್ಲ. ಹೀಗೆ ನೋಡುತ್ತಿದ್ದ ಸ್ವಯಂಸೇವಕರು ಆಗಿನ ಪಟ್ಟಿಯಲ್ಲಿಲ್ಲದ ಹೊಸ ಬಗೆಯೊಂದನ್ನು ಗುರುತಿಸಿದರು. ‘ಜೋಡಿ ಪಾರಿವಾಳ’ ಎಂಬ ಅರ್ಥದ ಹೆಸರು ಅದಕ್ಕೆ ಬಂತು. ಕಪ್ಪುಕುಳಿಗಳ ಆ ಏರುದನಿಯ ರೇಖೆಯನ್ನೇ ಹೋಲುವ ಅದನ್ನು ಬೇರ್ಪಡಿಸಿ ಇಡುವುದು ತಜ್ಞರಿಗೂ ಅಗತ್ಯವಾಗಿತ್ತು.